ಶಿಕ್ಷಣ ಮತ್ತು ಪ್ರಾದೇಶಿಕ ಆರ್ಥಿಕತೆ: ದಕ್ಷಿಣ ಕನ್ನಡ

ಶಿಕ್ಷಣದ ವಿಸ್ತರಣೆ ಒಂದು ಪ್ರದೇಶದ ದುಡಿಮೆ, ಉಳಿತಾಯ ಮತ್ತು ಉದ್ಯಮಗಳನ್ನು ಬೆಳೆಸುವ ಬಗೆಗೆ ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆ ಗಟ್ಟಿಯಾದ ನಿದರ್ಶನ. 1997ರಲ್ಲಿ ಉಡುಪಿ ಇದರಿಂದ ಬೇರ್ಪಟ್ಟು ಪ್ರತ್ಯೇಕ ಜಿಲ್ಲೆಯಾಯಿತು.

ಶಾಲೆ ಮತ್ತು ಕಸುಬು

1834ರಲ್ಲಿ ಮಂಗಳೂರಿಗೆ ಬಂದ ಬಾಸೆಲ್ ಮಿಷನ್ ಎಂಬ ಕ್ರೈಸ್ತ ಸಂಸ್ಥೆ ಅಕ್ಷರದ ಜೊತೆಗೆ ಕಸುಬನ್ನೂ ಕಲಿಸಿತು. 1841ರಲ್ಲಿ ಮುದ್ರಣಾಲಯ ಆರಂಭವಾಯಿತು. ನೇಯ್ಗೆಯ ಕೆಲಸವೂ ಬೆಳೆಯಿತು. 1865ರಲ್ಲಿ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ತೆರೆದರು. ನದೀತೀರದ ಜೇಡಿಮಣ್ಣು ಮತ್ತು ತರಬೇತಿ ಪಡೆದ ಕೈಗಳು ಸೇರಿ ಮಂಗಳೂರು ಹೆಂಚು ದೂರದ ಊರುಗಳಿಗೂ ರಫ್ತಾಯಿತು. 1880ರಲ್ಲಿ ಸೇಂಟ್ ಅಲೋಶಿಯಸ್ ಕಾಲೇಜು, 1921ರಲ್ಲಿ ಮಹಿಳೆಯರಿಗಾಗಿ ಸೇಂಟ್ ಆಗ್ನೆಸ್ ಕಾಲೇಜು ಆರಂಭವಾದವು. ಆದರೆ ದಲಿತ ಮಕ್ಕಳಿಗೆ ಶಾಲೆಯ ಬಾಗಿಲು ಬಹುಪಾಲು ಮುಚ್ಚಿಯೇ ಇತ್ತು. ಸಮಾಜ ಸುಧಾರಕ ಕುದ್ಮುಲ್ ರಂಗರಾವ್ ಊರಿನ ಬಹಿಷ್ಕಾರಕ್ಕೂ ಜಗ್ಗದೆ ಅವರಿಗಾಗಿ ಶಾಲೆ, ಕೈಗಾರಿಕಾ ತರಬೇತಿ ನಡೆಸಿದರು.

ಬ್ಯಾಂಕುಗಳ ಹುಟ್ಟು

ಮಂಗಳೂರಿನಲ್ಲಿ ಕೆನರಾ ಹೈಸ್ಕೂಲು ಕಟ್ಟಿದ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈ ಅವರೇ 1906ರಲ್ಲಿ ಕೆನರಾ ಬ್ಯಾಂಕಿನ ಮೂಲಸಂಸ್ಥೆಯನ್ನೂ ಸ್ಥಾಪಿಸಿದರು. ಅದೇ ವರ್ಷ ಉಡುಪಿಯಲ್ಲಿ ಕಾರ್ಪೊರೇಶನ್ ಬ್ಯಾಂಕ್, 1924ರಲ್ಲಿ ಕರ್ಣಾಟಕ ಬ್ಯಾಂಕ್, 1925ರಲ್ಲಿ ಸಿಂಡಿಕೇಟ್ ಬ್ಯಾಂಕ್, 1931ರಲ್ಲಿ ವಿಜಯಾ ಬ್ಯಾಂಕ್ ಹುಟ್ಟಿದವು. ಸಿಂಡಿಕೇಟ್ ಬ್ಯಾಂಕ್ 1928ರಲ್ಲಿ ಪಿಗ್ಮಿ ಠೇವಣಿ ಯೋಜನೆ ತಂದಿತು. ಏಜೆಂಟ್ ದಿನವೂ ಮನೆಬಾಗಿಲಿಗೆ, ಅಂಗಡಿಗೆ ಹೋಗಿ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಪಡೆದು ಲೆಕ್ಕ ಬರೆಯುತ್ತಿದ್ದ. ಹೀಗೆ ಸಾಮಾನ್ಯರ ಪುಡಿಗಾಸು ಬಂಡವಾಳವಾಯಿತು. ಲೆಕ್ಕಪತ್ರ ಬಲ್ಲ, ಜನರ ನಂಬಿಕೆ ಗಳಿಸಿದ ವಿದ್ಯಾವಂತ ಯುವಕರಿಲ್ಲದೆ ಇಂಥ ವ್ಯವಸ್ಥೆ ನಿಲ್ಲುವುದು ಸಾಧ್ಯವಿರಲಿಲ್ಲ. ಈ ಐದರಲ್ಲಿ ಎರಡು ಬ್ಯಾಂಕುಗಳು 1969ರಲ್ಲಿ, ಎರಡು 1980ರಲ್ಲಿ ರಾಷ್ಟ್ರೀಕರಣಗೊಂಡವು.

ಉನ್ನತ ಶಿಕ್ಷಣ

ಸಿಂಡಿಕೇಟ್ ಬ್ಯಾಂಕಿನ ಸ್ಥಾಪಕರಲ್ಲೊಬ್ಬರಾದ ಡಾ. ಟಿ.ಎಂ.ಎ. ಪೈ 1953ರಲ್ಲಿ ಮಣಿಪಾಲದ ಬೋಳುಗುಡ್ಡದಲ್ಲಿ ಕಸ್ತೂರ್ಬಾ ವೈದ್ಯಕೀಯ ಕಾಲೇಜನ್ನು ಆರಂಭಿಸಿದರು. 1957ರಲ್ಲಿ ಅಲ್ಲಿ ಎಂಜಿನಿಯರಿಂಗ್ ಕಾಲೇಜೂ ಬಂತು. ಆಸ್ಪತ್ರೆ, ಹಾಸ್ಟೆಲು, ಮುದ್ರಣ, ಸಾರಿಗೆ, ವ್ಯಾಪಾರ ಒಂದರ ಹಿಂದೊಂದು ಬೆಳೆದು ಗುಡ್ಡವೇ ಪಟ್ಟಣವಾಯಿತು. 1960ರಲ್ಲಿ ಸುರತ್ಕಲ್‌ನಲ್ಲಿ ಆರಂಭವಾದ ಪ್ರಾದೇಶಿಕ ಎಂಜಿನಿಯರಿಂಗ್ ಕಾಲೇಜು ಇಂದು ರಾಷ್ಟ್ರೀಯ ತಂತ್ರಜ್ಞಾನ ಸಂಸ್ಥೆ. ಎಂಜಿನಿಯರುಗಳು ಊರಲ್ಲೇ ಸಿಗುವಂತಾದದ್ದು ಮುಂದೆ ಮಂಗಳೂರಿಗೆ ಸಾಫ್ಟ್‌ವೇರ್ ಕಂಪನಿಗಳು ಬರಲು ಅನುಕೂಲವಾಯಿತು.

ಮಿತಿ ಮತ್ತು ಪಾಠ

ಕಲಿತವರಿಗೆಲ್ಲ ಊರಲ್ಲಿ ಕೆಲಸ ಸಿಗಲಿಲ್ಲ. ಬಹಳ ಮಂದಿ ಮುಂಬಯಿಗೆ, ಆಮೇಲೆ ಕೊಲ್ಲಿ ರಾಷ್ಟ್ರಗಳಿಗೆ ಹೋದರು. ಮುಂಬಯಿಯ ಹೋಟೆಲುಗಳಲ್ಲಿ ಹಗಲು ದುಡಿದ ಹುಡುಗರು ಕನ್ನಡ ರಾತ್ರಿಶಾಲೆಗಳಲ್ಲಿ ಓದಿ ಗುಮಾಸ್ತರೂ ಉದ್ಯಮಿಗಳೂ ಆದರು; ಅವರು ಕಳುಹಿಸಿದ ಹಣ ಊರಿನ ಮನೆಗಳನ್ನು, ತಮ್ಮ-ತಂಗಿಯರ ಓದನ್ನು ನಡೆಸಿತು. ಆದರೂ ಊರಿನ ದುಡಿಯುವ ಕೈಗಳು ಹೊರಗೇ ಉಳಿದವು. ಶಾಲೆ ಹೆಚ್ಚಿಸಿದರಷ್ಟೇ ಸಾಲದು. ಕಲಿಕೆಗೆ ಸ್ಥಳೀಯ ಕಸುಬು, ಬಂಡವಾಳ, ಉದ್ಯೋಗ ಜೊತೆಗೂಡಬೇಕು, ಆ ಕಲಿಕೆ ಎಲ್ಲ ಜಾತಿಯ ಹೆಣ್ಣು ಗಂಡು ಮಕ್ಕಳಿಗೂ ದಕ್ಕಬೇಕು ಎಂಬುದು ಈ ಜಿಲ್ಲೆಯ ಅನುಭವ.