ಕರಿಹೊಗೆ ಓದುತ್ತಿದ್ದ ಮಿಸ್ತ್ರಿಗಳು

ನಮ್ಮ ಕೊಪ್ಪಳ ಸೀಮೆಯ ಇತಿಹಾಸ ಅಂದ ಕೂಡಲೇ ಗವಿಮಠ, ಪಾಲ್ಕಿಗುಂಡುಗಳ ಅಶೋಕನ ಶಾಸನ, ಆನೆಗುಂದಿ, 1112ರ ಇಟಗಿ ಮಹಾದೇವ ದೇವಾಲಯ... ಆಮೇಲೆ ಒಮ್ಮೆಲೇ ತುಂಗಭದ್ರಾ ಡ್ಯಾಮಿಗೆ ಜಿಗಿತ! ನಡುವೆ ಇಲ್ಲಿ ಲಾರಿ ಓಡಿಸಿದವರು, ಅದನ್ನು ರಿಪೇರಿ ಮಾಡಿದವರು ಯಾವ ಪುಸ್ತಕದಲ್ಲೂ ಇಲ್ಲ. ಅವರ ಬಗ್ಗೆ ನಾಲ್ಕು ಸಾಲು ಬರೆಯೋಣ ಅನ್ನಿಸಿತು.

ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಾ ನಾಲ್ಕೂ 1948ರವರೆಗೆ ನಿಜಾಮರ ಹೈದರಾಬಾದ್ ಸಂಸ್ಥಾನದಲ್ಲಿದ್ದವು. ಆ ಸಂಸ್ಥಾನದ ರೈಲ್ವೆ 1932ರಲ್ಲಿ 27 ಬಸ್ಸುಗಳಿಂದ ರಸ್ತೆ ಸಾರಿಗೆ ಶುರು ಮಾಡಿತು. ಎರಡನೇ ಮಹಾಯುದ್ಧ ಬಂತು, ಪೆಟ್ರೋಲಿಗೆ ರೇಷನ್ ಬಿತ್ತು. ದೇಶದ ತುಂಬ ಎಷ್ಟೋ ಬಸ್ಸು, ಲಾರಿಗಳು ಇದ್ದಿಲಿನ ಗ್ಯಾಸ್ ಮೇಲೆ ಓಡಿದವು. 1945ರ ಫೆಬ್ರವರಿ 28ರಂದು ಡ್ಯಾಮಿಗೆ ಅಡಿಗಲ್ಲು ಬಿತ್ತು. ಈ ದಂಡೆಯ ಕೆಲಸ ಮುನಿರಾಬಾದಿನಲ್ಲಿ. ಯುದ್ಧ ಮುಗಿದ ಮೇಲೆ ಮಿಲಿಟರಿಯ ಷೆವ್ರೊಲೆ, ಫೋರ್ಡ್, ಡಾಜ್ ಲಾರಿಗಳು ದೇಶದಲ್ಲೆಲ್ಲ ಹರಾಜಾದವು. ಟಾಟಾ ಮರ್ಸಿಡಿಸ್ ಡೀಸೆಲ್ ಲಾರಿ ಬಂದದ್ದು 1954ರಲ್ಲಿ. ಅಲ್ಲಿಯವರೆಗೆ ಲಾರಿ ಅಂದರೆ ಬಹುಮಟ್ಟಿಗೆ ಪೆಟ್ರೋಲ್, ಪೆಟ್ರೋಲ್ ಅಂದರೆ ಕಾರ್ಬೊರೇಟರ್.

ಈ ಕಾರ್ಬೊರೇಟರಿನ ದೊಡ್ಡ ರೋಗ ಒಂದೇ: ಪೆಟ್ರೋಲ್ ಹೆಚ್ಚು, ಗಾಳಿ ಕಮ್ಮಿ. ತೂಕದಲ್ಲಿ ಒಂದು ಪಾಲು ಪೆಟ್ರೋಲಿಗೆ ಸುಮಾರು 14.7 ಪಾಲು ಗಾಳಿ ಬೇಕು. ಪೆಟ್ರೋಲ್ ತೀರ ಹೆಚ್ಚಾದರೆ ಪೂರ್ತಿ ಉರಿಯುವುದಿಲ್ಲ, ಸೈಲೆನ್ಸರಿನಲ್ಲಿ ಕರಿಹೊಗೆ. ಕಾಸು ಹೊಗೆಯಾಗುವುದಷ್ಟೇ ಅಲ್ಲ, ಉಳಿದ ಪೆಟ್ರೋಲ್ ಸಿಲಿಂಡರಿನ ಆಯಿಲ್ ತೊಳೆದು ಹಾಕಿ ರಿಂಗು ಸವೆಸುತ್ತದೆ. ಒಂದೇ ಲಾರಿ ನಂಬಿದ ಮನೆಗೆ ಇಂಜಿನ್ ಬಿಚ್ಚಿಸುವುದೆಂದರೆ ಸಾಲವೇ ಸರಿ.

ಮೀಟರಿಲ್ಲದೆ ಮಿಸ್ತ್ರಿ ಇದನ್ನು ಹೇಗೆ ಹಿಡಿಯುತ್ತಿದ್ದ? ನಾನು ಚಿಕ್ಕವನಿದ್ದಾಗ ಗಂಗಾವತಿಯ ಒಬ್ಬ ಮುದುಕ ಮಿಸ್ತ್ರಿಯ ಬಾಯಲ್ಲಿ ಕೇಳಿದ್ದು: "ಹೊಗಿ ಕರ್ರಗಿದ್ರ ಪೆಟ್ರೋಲ್, ನೀಲಿ ಇದ್ರ ಆಯಿಲ್, ಬೆಳ್ಳಗ ಹೋಗ್ಲಾರ್ದ ನಿಂತ್ರ ನೀರು ನೋಡಪ್ಪಾ."

ಆಮೇಲೆ ಪ್ಲಗ್ಗು ಬಿಚ್ಚಬೇಕು. ಆರರಲ್ಲಿ ಒಂದೇ ಕಪ್ಪಾಗಿದ್ದರೆ ದೋಷ ಆ ಸಿಲಿಂಡರಿನದು, ಇಲ್ಲವೆ ಆ ಪ್ಲಗ್ಗಿನದು. ಆರಕ್ಕೆ ಆರೂ ಒಣ ಮಸಿ ಹಿಡಿದಿದ್ದರೆ ಮಾತ್ರ ಕಾರ್ಬೊರೇಟರ್ ಕಡೆ ಹೋಗುವುದು. ಅಲ್ಲೂ ಖರ್ಚಿಲ್ಲದ್ದು ಮೊದಲು. ಚೋಕು ಪೂರ್ತಿ ತೆರೆದಿದೆಯೇ? ಏರ್ ಫಿಲ್ಟರ್ ತೆಗೆದಾಗ ಹೊಗೆ ನಿಂತಿತೇ? ನಿಂತರೆ ಅಲ್ಲೇ ಉತ್ತರ. ಆಗಿನ ಫಿಲ್ಟರಿನ ತಳದಲ್ಲಿ ಆಯಿಲ್ ಇರುತ್ತಿತ್ತು. ಯಲಬುರ್ಗಾದ ಎರೆ ಮಣ್ಣಿನ ಧೂಳು ಕುಡಿದು ಅದು ಕೆಸರಾಗುವುದಕ್ಕೆ ಎಷ್ಟು ಹೊತ್ತು?

ಮುಂದೆ ಐಡ್ಲಿಂಗ್ ಸ್ಕ್ರೂ. ಪೂರ್ತಿ ಒಳಗೆ ತಿರುಗಿಸಿದರೆ ಇಂಜಿನ್ ನಿಲ್ಲಬೇಕು. ನಿಲ್ಲದಿದ್ದರೆ ಪೆಟ್ರೋಲ್ ಬೇರೆ ದಾರಿಯಿಂದ ಇಳಿಯುತ್ತಿದೆ ಅಂತ ಅರ್ಥ. ಸೂಜಿ ವಾಲ್ವಿನಲ್ಲಿ ಕಸ, ಇಲ್ಲವೆ ಹಿತ್ತಾಳೆ ಫ್ಲೋಟು ತೂತು. ಕಿವಿಯ ಹತ್ತಿರ ಅಲ್ಲಾಡಿಸಿದರೆ ಒಳಗೆ ಪೆಟ್ರೋಲ್ ಕುಲುಕುತ್ತದೆ. ಖಾಲಿ ಮಾಡಿ ಬಿಸಿನೀರಿನಲ್ಲಿ ಮುಳುಗಿಸಿದರೆ ಗುಳ್ಳೆ ಬಂದಲ್ಲಿ ತೂತು. ಬೆಸುಗೆ ಹಾಕುವಾಗ ಒಂದು ಹನಿ ಹೆಚ್ಚಾದರೂ ಫ್ಲೋಟು ಭಾರವಾಗಿ ತಗ್ಗುತ್ತದೆ, ಬಟ್ಟಲಲ್ಲಿ ಪೆಟ್ರೋಲ್ ಏರುತ್ತದೆ, ರೋಗ ವಾಸಿಯಾಗುವುದಿಲ್ಲ! ಕೈ ಎಷ್ಟು ಹಗುರ ಬೇಕು ನೋಡಿ. ಇದೆಲ್ಲ ಸರಿಯಿದ್ದರೆ ಮಾತ್ರ ಜೆಟ್ಟು ಸವೆದಿದೆಯೇ, ಯಾರಾದರೂ ತಂತಿ ಹಾಕಿ ಕೆರೆದು ಅಗಲ ಮಾಡಿದ್ದಾರೆಯೇ ಎಂಬ ವಿಚಾರಣೆ. ಬೇಸಿಗೆಯಲ್ಲಿ ಇನ್ನೊಂದು ಫಜೀತಿ. ಬಿಸಿಲಿಗೆ ಬಟ್ಟಲಿನ ಪೆಟ್ರೋಲೇ ಕುದ್ದು ಉಕ್ಕುತ್ತದೆ. ಆಗ ಬೇಕಾದದ್ದು ಸ್ಪ್ಯಾನರ್ ಅಲ್ಲ, ನೆರಳು.

ಇದು ಬರೀ ಕೈಚಳಕವಲ್ಲ. ಒಂದೊಂದೇ ಕಾರಣ ತಳ್ಳಿಹಾಕುತ್ತ ಹೋಗುವ ಶುದ್ಧ ತರ್ಕ. ಶಾಲೆಯ ಮೆಟ್ಟಿಲು ಹತ್ತದವರೂ ಅದನ್ನು ಕಲಿತರು, ಹುಡುಗರಿಗೆ ಕಲಿಸಿದರು. 2020ರ ಬಿ.ಎಸ್. 6 ನಿಯಮದ ನಂತರ ಬಹುಪಾಲು ಹೊಸ ಬೈಕುಗಳಲ್ಲೂ ಕಾರ್ಬೊರೇಟರ್ ಉಳಿಯಲಿಲ್ಲ. ಶಾಸನ ಕಲ್ಲಿನ ಮೇಲಿದೆ, ಎರಡು ಸಾವಿರ ವರ್ಷ ಕಾದಿದೆ. ಈ ವಿದ್ಯೆ ಇರುವುದು ಕೆಲವು ಮುದುಕರ ನೆನಪಿನಲ್ಲಿ, ಅದು ಕಾಯುವುದಿಲ್ಲ.

ನಿಮ್ಮೂರಲ್ಲೂ ಅಂಥ ಹಿರಿಯ ಮಿಸ್ತ್ರಿ ಇದ್ದರೆ ಒಂದು ಚಹಾ ಕುಡಿಸಿ ಮಾತಾಡಿಸಿ, ಬರೆದಿಡಿ. ನಾನಂತೂ ಓದುತ್ತೇನೆ :-)