ಭಾನುವಾರ ಮುಗಿದ ಮೇಲೆ ಏನು? ಮಂಗಳೂರು ಹಂಚಿನ ಹಿಂದಿನ ಕಥೆ

ನಿಮ್ಮ ಊರಿನಲ್ಲಿ ಹಳೆಯ ಹಂಚಿನ ಮನೆ ಇದ್ದರೆ, ಮಳೆಗಾಲಕ್ಕೆ ಮೊದಲು ಮಾಡು ಸರಿಮಾಡುವಾಗ ಒಂದೊಂದು ಹಂಚನ್ನು ಮಗುಚಿ ನೋಡಿ. ಕೆಲವದರ ಮೇಲೆ ಇಂಗ್ಲಿಷ್ ಅಕ್ಷರಗಳಲ್ಲಿ ಬಾಸೆಲ್ ಮಿಶನ್ ಎಂಬ ಹೆಸರೂ 1865 ಎಂಬ ಇಸವಿಯೂ ಅಚ್ಚಾಗಿರುತ್ತದೆ. ಮನೆ ಅಷ್ಟು ಹಳೆಯದು ಎಂದುಕೊಳ್ಳಬೇಡಿ. ಅದು ಮಂಗಳೂರಿನ ಜೆಪ್ಪುವಿನಲ್ಲಿ ಆ ಹಂಚಿನ ಕಾರ್ಖಾನೆ ಶುರುವಾದ ವರ್ಷ.

ಧರ್ಮ ಬೋಧಿಸಲು ಬಂದವರು ಹಂಚು ಸುಡಲು ಯಾಕೆ ಹೋದರು? ಇದನ್ನು ಹುಡುಕುತ್ತಾ ಹೋದಾಗ ನಮಗೆ ಸಿಕ್ಕಿದ್ದು ಕೈಗಾರಿಕೆಯ ಕಥೆ ಮಾತ್ರ ಅಲ್ಲ. ಭಾನುವಾರ ನಂಬಿದ್ದನ್ನು ಸೋಮವಾರದಿಂದ ಶನಿವಾರದವರೆಗೆ ಬದುಕುವುದು ಹೇಗೆ ಎಂದು ಒದ್ದಾಡಿದ ಬಡವರ ಕಥೆ.

ಪತ್ರಿಕೋದ್ಯಮ ಓದಿದ ನಮಗೆ ಬಾಸೆಲ್ ಮಿಶನ್ ಹೊಸ ಹೆಸರೇನಲ್ಲ. ಅದರ ಹರ್ಮನ್ ಮೊಗ್ಲಿಂಗ್ 1843ರ ಜುಲೈ 1ರಂದು 'ಮಂಗಳೂರ ಸಮಾಚಾರ' ಹೊರತಂದರು. ಅದೇ ಕನ್ನಡದ ಮೊದಲ ಪತ್ರಿಕೆ. ಆ ದಿನವನ್ನೇ ನಾವು ಇಂದಿಗೂ ಪತ್ರಿಕಾ ದಿನ ಎಂದು ಆಚರಿಸುತ್ತೇವೆ. ಸ್ವಿಟ್ಜರ್ಲೆಂಡಿನ ಬಾಸೆಲ್ ಊರಿನಲ್ಲಿ 1815ರಲ್ಲಿ ಹುಟ್ಟಿದ ಈ ಸಂಸ್ಥೆಯ ಮೂವರು, ಹೆಬಿಕ್, ಲೆಹ್ನರ್ ಮತ್ತು ಗ್ರೈನರ್, ಮಂಗಳೂರಿಗೆ ಬಂದದ್ದು 1834ರಲ್ಲಿ. ಮಿಶನ್ ಸೇರಿದವರಲ್ಲಿ ಬಹಳಷ್ಟು ಮಂದಿ ದಕ್ಷಿಣ ಜರ್ಮನಿಯ ರೈತರ, ಕುಶಲಕರ್ಮಿಗಳ ಮನೆಯ ಮಕ್ಕಳು. ಕೈಯಿಂದ ದುಡಿಯುವುದೂ ದೇವರ ಸೇವೆಯೇ ಎಂಬ ಪಾಠದಲ್ಲಿ ಬೆಳೆದವರು.

ಆದರೆ ಇಲ್ಲಿ ಕ್ರೈಸ್ತರಾದವರ ಸ್ಥಿತಿ ಬೇರೆ ಇತ್ತು. ಭಾನುವಾರ ದೇವಾಲಯಕ್ಕೆ ಹೋಗಿ ಕುಳಿತುಕೊಳ್ಳುವುದು ಕಷ್ಟವಾಗಿರಲಿಲ್ಲ. ಕಷ್ಟ ಶುರುವಾಗುತ್ತಿದ್ದದ್ದು ಮರುದಿನ ಬೆಳಿಗ್ಗೆ. ಹಾಗೆ ಬಂದವರಲ್ಲಿ ಬಿಲ್ಲವರು ಹೆಚ್ಚು. ಅವರಲ್ಲಿ ಅನೇಕರಿಗೆ ಮೂರ್ತೆ, ಅಂದರೆ ಮರ ಹತ್ತಿ ಕಳ್ಳು ಇಳಿಸುವುದೇ ಜೀವನ. ಕಳ್ಳಿನ ಕಸುಬನ್ನು ಮಿಶನ್ ಒಪ್ಪುತ್ತಿರಲಿಲ್ಲ. ಗೇಣಿಗೆ ಗದ್ದೆ ಮಾಡುತ್ತಿದ್ದವರನ್ನು ಧಣಿ ಒಕ್ಕಲೆಬ್ಬಿಸಬಹುದಿತ್ತು. ಭೂತದ ಕೋಲದಲ್ಲಿ ಮನೆತನಕ್ಕಿದ್ದ ಜವಾಬ್ದಾರಿ ಬಿಟ್ಟರೆ ಕುಟುಂಬ ದೂರವಾಗುತ್ತಿತ್ತು. ಮತ ಬದಲಿಸಿದ ಮಾತ್ರಕ್ಕೆ ಆಸ್ತಿಯ ಹಕ್ಕು ಹೋಗದು ಎಂದು 1850ರ ಕಾನೂನು ಹೇಳಿತು, ನಿಜ. ಆದರೆ ಕಾನೂನು ಪುಸ್ತಕದಲ್ಲಿ ಹಕ್ಕಿದ್ದರೆ ಸಾಕೇ? ನೆರೆಮನೆಯವರು ಬಾವಿಯಿಂದ ನೀರು ಸೇದಲು ಬಿಡಬೇಕಲ್ಲ?

ಅಂಥವರಿಗೆ 'ದೇವರು ನೋಡಿಕೊಳ್ಳುತ್ತಾನೆ' ಎಂದು ಹೇಳಿ ಕೈತೊಳೆದುಕೊಳ್ಳುವಂತಿರಲಿಲ್ಲ. ಹಾಗೆಂದು ದಿನಾ ಅಕ್ಕಿ ಹಂಚುತ್ತಾ ಕೂತರೆ ಅಕ್ಕಿಗಾಗಿಯೇ ಮತ ಬದಲಿಸಿದರು ಎಂಬ ಮಾತು ಬರುತ್ತಿತ್ತು. ಬಂದವರಿಗೂ ಅದು ಮರ್ಯಾದೆಯ ಬದುಕಲ್ಲ. ಹಾಗಾಗಿ ಕೆಲಸ ಹುಡುಕಲೇಬೇಕಾಯಿತು. ಬಡಗಿ ಕೆಲಸ, ಪುಸ್ತಕ ಕಟ್ಟುವುದು, ಗಡಿಯಾರದ ಕೆಲಸ ಎಂದು ಹಲವು ಪ್ರಯತ್ನ ನಡೆದವು. ಎಲ್ಲವೂ ಕೈಹಿಡಿಯಲಿಲ್ಲ. 1841ರಲ್ಲಿ ಶುರುವಾದ ಮುದ್ರಣಾಲಯ ನಿಂತಿತು. 1851ರಲ್ಲಿ ಬಂದ ಹಾಲರ್ ಎಂಬ ನೇಕಾರ ಸುಧಾರಿಸಿದ ಮಗ್ಗ ಹಾಕಿಸಿದ ಮೇಲೆ ನೇಯ್ಗೆಯೂ ನಿಂತಿತು. ಇಲ್ಲಿನ ಖಾಕಿ ಬಟ್ಟೆ ಹೆಸರು ಮಾಡಿತು.

ಮುದ್ರಣಾಲಯದ ಕೆಲಸಕ್ಕೆಂದು ಬಂದಿದ್ದ ಪ್ಲೆಬ್ಸ್ಟ್ ಎಂಬವರ ಕಣ್ಣು ನೇತ್ರಾವತಿ ದಂಡೆಯ ಜೇಡಿಮಣ್ಣಿನ ಮೇಲೆ ಬಿತ್ತು. ಮುಳಿಹುಲ್ಲಿನ ಮಾಡು ವರ್ಷ ವರ್ಷ ಹೊದಿಸಬೇಕು, ಬೆಂಕಿ ಬಿದ್ದರೆ ಮುಗಿಯಿತು. ಈ ಮಣ್ಣಿನಿಂದ ಗಟ್ಟಿ ಹಂಚು ಮಾಡಿದರೆ ಹೇಗೆ ಎಂದು ಅವರು 1865ರಲ್ಲಿ ಕಾರ್ಖಾನೆ ಹಾಕಿದರು. ಶುರುವಿನಲ್ಲಿ ಮಣ್ಣು ಅರೆಯಲು ಎತ್ತುಗಳೇ ಆಸರೆ. ಒಂದಕ್ಕೊಂದು ಕಚ್ಚಿ ಕೂರುವ ಈ ಹಂಚನ್ನು ನೋಡಿ ಊರಿನ ಉದ್ಯಮಿಗಳೂ ಕಾರ್ಖಾನೆ ತೆರೆದರು. 'ಮಂಗಳೂರು ಹಂಚು' ಸಮುದ್ರ ದಾಟಿತು.

ಕಾರ್ಖಾನೆಯಲ್ಲಿ ದಿನದ ಕೆಲಸ ಪ್ರಾರ್ಥನೆಯಿಂದ ಶುರುವಾಗುತ್ತಿತ್ತು. ಭಾನುವಾರ ರಜೆ. ಗಂಡಸರ ಜೊತೆ ಹೆಂಗಸರೂ ದುಡಿದರು. ಬೇರೆ ಬೇರೆ ಜಾತಿಯಿಂದ ಬಂದವರು ಒಂದೇ ಸೂರಿನಡಿ ಮಣ್ಣು ಮುಟ್ಟಿದರು. ಕ್ರೈಸ್ತರಲ್ಲದವರಿಗೂ ಅಲ್ಲಿ ಕೆಲಸ ಸಿಕ್ಕಿತು. ಸಮಯಕ್ಕೆ ಸರಿಯಾಗಿ ಬರುವುದು, ತೂಕದಲ್ಲಿ ಮೋಸ ಮಾಡದಿರುವುದು, ಕುಡಿಯದಿರುವುದು: ನಂಬಿಕೆ ಎಂದರೆ ವಾರದ ದಿನಗಳಲ್ಲಿ ಇವೇ ಆಗಿದ್ದವು.

ಇದರ ಇನ್ನೊಂದು ಮುಖವನ್ನೂ ನಾವು ಹೇಳಬೇಕು. ಪಾದ್ರಿಯ ಸಭೆ, ಸಂಬಳ ಕೊಡುವ ಕಾರ್ಖಾನೆ, ಎಷ್ಟೋ ಮಂದಿಗೆ ವಾಸದ ಜಾಗ, ಎಲ್ಲವೂ ಒಂದೇ ಸಂಸ್ಥೆಯದು. ಹೊಸ ನಂಬಿಕೆಗಾಗಿ ಹಳೆಯ ಧಣಿಯನ್ನು ಬಿಟ್ಟು ಬಂದವರಿಗೆ ಇನ್ನೊಬ್ಬ ಧಣಿ ಸಿಕ್ಕಿದಂತಾಯಿತೇ? ಯಜಮಾನನ ಜೊತೆ ತಕರಾರು ಎಂದರೆ ಸಭೆಯ ಜೊತೆಗೂ ತಕರಾರು ಎಂದಾಗಿಬಿಟ್ಟರೆ ಬಡವ ಯಾರ ಹತ್ತಿರ ಹೇಳಿಕೊಳ್ಳಬೇಕು? 1859ರಲ್ಲಿ ಮಿಶನ್ನಿನ ವ್ಯಾಪಾರಕ್ಕೆಂದೇ ಕಂಪನಿ ಹುಟ್ಟಿತು. ಲಾಭ ಮತ್ತು ಸುವಾರ್ತೆ ಒಂದೇ ಗಾಡಿಗೆ ಕಟ್ಟಿದ ಎತ್ತುಗಳಾಗಬಹುದೇ ಎಂಬ ಚರ್ಚೆ ಮಿಶನ್ನಿನ ಒಳಗೂ ನಡೆಯಿತು.

1914ರಲ್ಲಿ ಮೊದಲ ಮಹಾಯುದ್ಧ ಶುರುವಾಯಿತು. ಬ್ರಿಟಿಷ್ ಸರಕಾರಕ್ಕೆ ಜರ್ಮನರು ಶತ್ರುಗಳಾದರು. ಮಿಶನರಿಗಳನ್ನು ಬಂಧನದಲ್ಲಿಟ್ಟು ಬಳಿಕ ದೇಶದಿಂದ ಕಳಿಸಿದರು. ಕಾರ್ಖಾನೆಗಳು ಕೈಬದಲಾಗಿ, 1919ರಲ್ಲಿ ಕಾಮನ್‌ವೆಲ್ತ್ ಟ್ರಸ್ಟ್ ಎಂಬ ಕಂಪನಿಯ ಪಾಲಾದವು. ಸಂಬಳ ಕೊಡುತ್ತಿದ್ದ ಮಿಶನ್ ಇಲ್ಲವಾದ ಮೇಲೆ ಸಭೆಗಳು ಉಳಿದವೇ? ಉಳಿದವು. ಊರಿನವರೇ ನಡೆಸಿದರು. ಹೊಟ್ಟೆಗಾಗಿ ಬಂದವರು ಎಂಬ ಹಳೆಯ ಮಾತಿಗೆ ಅವರು ಬಾಯಿಂದ ಉತ್ತರ ಕೊಡಬೇಕಾಗಲಿಲ್ಲ.

ಈಗ ಎಲ್ಲೆಡೆ ತಾರಸಿ ಮನೆ. ಹಂಚಿನ ಕಾರ್ಖಾನೆಗಳು ಒಂದೊಂದಾಗಿ ಬಾಗಿಲು ಹಾಕಿವೆ. ಆದರೂ ಹಳೆಯ ಹಂಚು ದೇವಸ್ಥಾನದ ಮೇಲಿದೆ, ಮಸೀದಿಯ ಮೇಲಿದೆ, ಶಾಲೆಯ ಮೇಲಿದೆ. ಕೆಳಗೆ ಕುಳಿತವರ ಮತ ಯಾವುದೆಂದು ಅದು ಕೇಳಲಿಲ್ಲ, ಸೋರದಂತೆ ಕಾದಿತು. ನಮ್ಮ ನಮ್ಮ ವಾರದ ಕೆಲಸವೂ ಹಾಗಿದೆಯೇ? ಮುಂದಿನ ಸಲ ಹಂಚು ಮಗುಚುವಾಗ ಒಮ್ಮೆ ಯೋಚಿಸೋಣ.