ಉಪ್ಪಿನ ಕರಾವಳಿಯಲ್ಲಿ ಬಿಪಿ

ನಮ್ಮ ಕರಾವಳಿಯ ಊರಾದ ಬೀಜಾಡಿಯ ಹಳೆಯ ಮನೆಗಳಲ್ಲಿ ಮಳೆಗಾಲಕ್ಕೆ ಮೊದಲೇ ಅಟ್ಟ ತುಂಬಬೇಕಿತ್ತು. ಒಣ ಬಂಗುಡೆ, ಒಣ ಸಿಗಡಿ, ಭರಣಿಯಲ್ಲಿ ಮಿಡಿ ಉಪ್ಪಿನಕಾಯಿ, ಉಪ್ಪುನೀರಿನಲ್ಲಿ ಹಲಸಿನ ಸೊಳೆ. ದೋಣಿ ಇಳಿಸಲಾಗದ ತಿಂಗಳುಗಳಲ್ಲಿ ಕುಚ್ಚಲಕ್ಕಿ ಗಂಜಿಗೆ ಇವೇ ಜೊತೆ. ನರ್ಸಿಂಗ್ ವಿದ್ಯಾರ್ಥಿಗಳಿಗೆ ಬಿಪಿಯ ಪಾಠವನ್ನು ನಾನು ಶುರು ಮಾಡುತ್ತಿದ್ದುದು ಈ ಅಟ್ಟದಿಂದ. ಪುಸ್ತಕಗಳು ಹೃದಯದಿಂದ ಶುರು ಮಾಡುತ್ತವೆ, ಅದೂ ಸರಿಯೇ. ಆದರೆ ಮನೆಮನೆಗೆ ಹೋಗುವ ನರ್ಸ್ ಅಡುಗೆಮನೆಯ ಚರಿತ್ರೆಯನ್ನೂ ತಿಳಿದಿರಬೇಕು.

ಈ ಚರಿತ್ರೆಯಲ್ಲಿ ಸರ್ಕಾರದ ಕೈಯೂ ಇದೆ. ದಕ್ಷಿಣ ಕನ್ನಡ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ಕಾಲದಲ್ಲಿ, ಉಪ್ಪು ಬ್ರಿಟಿಷ್ ಆಡಳಿತದ ಏಕಸ್ವಾಮ್ಯ. ಸುಂಕದ ಉಪ್ಪು ಕೊಳ್ಳಲಾಗದ ಬೆಸ್ತರು ಉಪ್ಪುಮಣ್ಣು ಸವರಿ ಮೀನು ಒಣಗಿಸುತ್ತಿದ್ದರು. ಅರೆಕೊಳೆತ ಮೀನೇ ಬಡವರ ಪಾಲಿಗೆ. ಮೀನುಗಾರಿಕೆಯನ್ನು ಅಧ್ಯಯನ ಮಾಡಿದ ಫ್ರಾನ್ಸಿಸ್ ಡೇ 1873ರಲ್ಲಿ ಈ ದುಃಸ್ಥಿತಿಯನ್ನು ವರದಿ ಮಾಡಿದ. ಆಮೇಲೆ ಕರಾವಳಿಯುದ್ದಕ್ಕೂ ಮೀನು ಸಂಸ್ಕರಣಾ ಯಾರ್ಡುಗಳು ಎದ್ದವು. ಅಲ್ಲಿ ಸುಂಕವಿಲ್ಲದ ಉಪ್ಪು ಸಿಗುತ್ತಿತ್ತು, ಆದರೆ ಮೀನಿಗೆ ಹಾಕಲು ಮಾತ್ರ, ಬೇಲಿಯಾಚೆ ಒಯ್ಯುವಂತಿರಲಿಲ್ಲ. ರಂಪಣಿ ಬಲೆಗೆ ಒಮ್ಮೆಗೇ ರಾಶಿರಾಶಿ ಬಂಗುಡೆ, ಬೈಗೆ ಬಿದ್ದಾಗ ಐಸ್ ಎಲ್ಲಿತ್ತು? ಉಪ್ಪು, ಇಲ್ಲವೇ ಕೊಳೆತ. ಹಾಗಾಗಿ ಒಣಮೀನಿನ ಉಪ್ಪನ್ನು ಜನರ ನಾಲಿಗೆಯ ಚಪಲ ಎಂದು ಬೈಯುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಹಸಿವಿನ ವಿರುದ್ಧ ನಮ್ಮ ಹಿರಿಯರಿಗೆ ಇದ್ದ ಕಾವಲು ಅದು.

ಈಗ ಐಸ್ ಇದೆ, ಫ್ರಿಜ್ ಇದೆ. ನಾಲಿಗೆ ಮಾತ್ರ ಹಳೆಯ ಲೆಕ್ಕದಲ್ಲೇ ಉಳಿದಿದೆ. ವಿಶ್ವ ಆರೋಗ್ಯ ಸಂಸ್ಥೆ ಹೇಳುವುದು ದಿನಕ್ಕೆ 5 ಗ್ರಾಂಗಿಂತ ಕಡಿಮೆ ಉಪ್ಪು, ಅಂದರೆ ಒಂದು ಟೀಚಮಚಕ್ಕಿಂತ ಕಡಿಮೆ. ಸಾರು, ಪಲ್ಯ, ಹಪ್ಪಳ, ಉಪ್ಪಿನಕಾಯಿ ಎಲ್ಲ ಸೇರಿ. ಹೆಚ್ಚಾದ ಉಪ್ಪು ಮೈಯಲ್ಲಿ ನೀರನ್ನು ಹಿಡಿದಿಡುತ್ತದೆ, ರಕ್ತದ ಪ್ರಮಾಣ ಹೆಚ್ಚುತ್ತದೆ, ನಾಳಗಳ ಗೋಡೆಯ ಮೇಲೆ ಒತ್ತಡ ಏರುತ್ತದೆ. ಎಲ್ಲರಲ್ಲೂ ಒಂದೇ ಅಳತೆಯಲ್ಲಿ ಅಲ್ಲ. ವಯಸ್ಸಾದವರಲ್ಲಿ, ಮೂತ್ರಪಿಂಡ ಸೋತವರಲ್ಲಿ ಹೆಚ್ಚು.

ಗಂಜಿಯನ್ನು ದೂರುವ ಅಗತ್ಯವಿಲ್ಲ. ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದಲ್ಲಿ ವಾಲ್ಟರ್ ಕೆಂಪ್ನರ್ ಎಂಬ ವೈದ್ಯ 1940ರ ದಶಕದಲ್ಲಿ, ಒಳ್ಳೆಯ ಬಿಪಿ ಮಾತ್ರೆಗಳು ಇನ್ನೂ ಬಾರದಿದ್ದ ಕಾಲದಲ್ಲಿ, ತೀವ್ರ ಏರೊತ್ತಡದ ರೋಗಿಗಳಿಗೆ ಕೊಟ್ಟಿದ್ದು ಅನ್ನ ಮತ್ತು ಹಣ್ಣು, ಉಪ್ಪು ಸೇರಿಸದೆ. ಹಲವರ ಒತ್ತಡ ಇಳಿಯಿತು. ನಮ್ಮಲ್ಲಿ ಅದೇ ಅಕ್ಕಿ. ತಟ್ಟೆಯ ಅಂಚಿನಲ್ಲಿರುವುದೇ ಬೇರೆ.

ಇನ್ನು ಅಳತೆ. 1733ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ ಸ್ಟೀಫನ್ ಹೇಲ್ಸ್ ಎಂಬ ಇಂಗ್ಲಿಷ್ ಪಾದ್ರಿ ಕುದುರೆಯ ರಕ್ತನಾಳಕ್ಕೆ ಕೊಳವೆ ಸೇರಿಸಿದಾಗ ರಕ್ತ ಎಂಟು ಅಡಿಗಿಂತ ಮೇಲಕ್ಕೆ ಏರಿತ್ತು. ಮನುಷ್ಯರ ತೋಳಿಗೆ ಪಟ್ಟಿ ಸುತ್ತಿ ಅಳೆಯುವ ಸುಲಭ ದಾರಿ ತೋರಿದ್ದು ಇಟಲಿಯ ರಿವಾ ರೋಚಿ, 1896ರಲ್ಲಿ. ಅವನ ಪಟ್ಟಿ ತೀರಾ ಕಿರಿದು, ಹಾಗಾಗಿ ಸಂಖ್ಯೆ ಇರುವುದಕ್ಕಿಂತ ಹೆಚ್ಚು ಬರುತ್ತಿತ್ತು. 1901ರಲ್ಲಿ ಅದನ್ನು ಅಗಲ ಮಾಡಲಾಯಿತು. ದಪ್ಪ ತೋಳಿನವರಿಗೆ ಸಣ್ಣ ಪಟ್ಟಿ ಸುತ್ತಿದರೆ ಇಂದಿಗೂ ಅದೇ ತಪ್ಪು ಆಗುತ್ತದೆ. ರಷ್ಯಾದ ಕೊರೊಟ್ಕಾಫ್ 1905ರಲ್ಲಿ ಸ್ಟೆತೊಸ್ಕೋಪ್ ಇಟ್ಟು ಕೇಳಿದ. ಮೊದಲ ಬಡಿತ ಕೇಳಿಸಿದಾಗ ಮೇಲಿನ ಸಂಖ್ಯೆ, ಸದ್ದು ಅಡಗಿದಾಗ ಕೆಳಗಿನದು. ನರ್ಸುಗಳೇ, ನಿಮ್ಮ ಕಿವಿ ಇಂದು ಹುಡುಕುವುದು ಅದೇ ಸದ್ದನ್ನು.

ಅಳತೆ ಗೊತ್ತಿದ್ದರೂ ಮದ್ದಿಲ್ಲದ ಕಾಲವೂ ಇತ್ತು. ಅಮೆರಿಕದ ಅಧ್ಯಕ್ಷ ರೂಸ್‌ವೆಲ್ಟ್ ಅವರ ಬಿಪಿ 1944ರ ಮಾರ್ಚ್‌ನಲ್ಲಿ 186/108. 1945ರ ಏಪ್ರಿಲ್ 12ರಂದು ಅದು 300/190ಕ್ಕೆ ಏರಿತ್ತು, ಅಂದೇ ಅವರು ಮಿದುಳಿನ ರಕ್ತಸ್ರಾವದಿಂದ ತೀರಿಕೊಂಡರು. ಜಗತ್ತಿನ ಅತಿ ಪ್ರಬಲ ವ್ಯಕ್ತಿಗೆ ಸಿಗದ ಮದ್ದು ಇಂದು ನಮ್ಮ ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಸಿಗುತ್ತದೆ. ನಡುವೆ ನಮ್ಮ ದೇಶದ್ದೂ ಒಂದು ಕೊಡುಗೆ ಇದೆ: ಮುಂಬಯಿಯ ರುಸ್ತುಂ ಜಾಲ್ ವಕೀಲ್ 1949ರಲ್ಲಿ ಸರ್ಪಗಂಧಿ ಬೇರು ಏರೊತ್ತಡವನ್ನು ಇಳಿಸುತ್ತದೆ ಎಂದು ಬ್ರಿಟಿಷ್ ಹೃದ್ರೋಗ ಪತ್ರಿಕೆಯಲ್ಲಿ ಬರೆದರು. ನಮ್ಮ ಘಟ್ಟದ ಕಾಡಿನಲ್ಲೂ ಬೆಳೆಯುವ ಗಿಡ ಅದು.

ಮದ್ದಿದ್ದೂ ಜನ ನುಂಗುವುದಿಲ್ಲ. “ಹ್ವಾಯ್, ತಲಿ ತಿರ್ಗುದಿಲ್ಲ, ಎಂತ ಇಲ್ಲ, ಮತ್ತೆಂತ ಬಿಪಿ?” ಎಂದು ಕೇಳುವ ಅಜ್ಜಿಯರು ನಮ್ಮಲ್ಲಿ ಮನೆಗೊಬ್ಬರು. ಅವರು ಸುಳ್ಳು ಹೇಳುತ್ತಿಲ್ಲ. ಈ ರೋಗ ಹೆಚ್ಚಿನವರಿಗೆ ನೋವು ಕೊಡುವುದೇ ಇಲ್ಲ. ಅದಕ್ಕೇ ನಿಮ್ಮ ಅಳತೆ ಸರಿಯಾಗಿರಬೇಕು. ಬಿಸಿಲಲ್ಲಿ ನಡೆದು ಬಂದವರನ್ನು ಐದು ನಿಮಿಷ ಕೂರಿಸಿ. ಬೆನ್ನಿಗೆ ಆಸರೆ ಇರಲಿ, ಪಾದ ನೆಲಕ್ಕಿರಲಿ, ತೋಳು ಹೃದಯದ ಮಟ್ಟದಲ್ಲಿರಲಿ. ಅಳೆಯುವಾಗ ಅವರೂ ಮಾತಾಡಬಾರದು, ನೀವೂ. 140/90 ಅಥವಾ ಹೆಚ್ಚು ಬಂದರೆ ಹೆದರಿಸಬೇಡಿ, ಮತ್ತೊಮ್ಮೆ ಅಳೆಯಿರಿ, ಬೇರೊಂದು ದಿನವೂ ಅಳೆಯಿರಿ.

ಆಮೇಲೆ ಗಂಜಿಗೆ ಏನು ನಂಚಿಕೊಳ್ಳುತ್ತೀರಿ ಎಂದು ಕೇಳಿ. ಒಣಮೀನು ಬಿಟ್ಟೇಬಿಡಿ ಎಂದರೆ ನಿಮ್ಮ ಮಾತು ಅಲ್ಲಿಗೇ ಮುಗಿಯುತ್ತದೆ. ನೀರಲ್ಲಿ ನೆನೆಸಿ, ಆ ನೀರು ಚೆಲ್ಲಿ, ವಾರಕ್ಕೊಮ್ಮೆ ತಿನ್ನಿ, ಮಾತ್ರೆ ಮಾತ್ರ ಒಂದು ದಿನವೂ ತಪ್ಪಿಸಬೇಡಿ ಎನ್ನಿ.